ಸರ್ಕಾರಿ ಆರೋಗ್ಯ ಯೋಜನೆ ಬೇಡ ಅಂತ ಡಾಕ್ಟರು ಹೊರಗೆ ಬಂದರೆ ತಪ್ಪಾ?

ಜೋಳದರೊಟ್ಟಿ

ನಮ್ಮ ತಾಲ್ಲೂಕಿನ ಒಂದು ನರ್ಸಿಂಗ್ ಹೋಮ್ ಮುಂದಿನ ತಿಂಗಳಿಂದ ಆಯುಷ್ಮಾನ್ ಕಾರ್ಡ್ ತಗೊಳ್ಳುವುದಿಲ್ಲ ಅಂತ ಗೇಟಿಗೆ ನೋಟಿಸ್ ಅಂಟಿಸಿದೆ. ಅವತ್ತಿನಿಂದ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಬರೀ ಜಗಳ. ಅರ್ಧ ಜನ "ದುಡ್ಡಿನ ಆಸೆ" ಅನ್ನುತ್ತಾರೆ. ಇನ್ನರ್ಧ ಜನ "ಸರ್ಕಾರ ದುಡ್ಡೇ ಬಿಡುಗಡೆ ಮಾಡದಿದ್ದರೆ ಅವರೇನು ಮಾಡಬೇಕು" ಅನ್ನುತ್ತಾರೆ. ಅಲ್ಲಿ ಮಾತು ಬೈಗುಳಕ್ಕೆ ತಿರುಗಿತು, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನಮ್ಮಲ್ಲಿ ಆರೋಗ್ಯ ಕರ್ನಾಟಕ 2018ರ ಮಾರ್ಚಿನಲ್ಲಿ ಬಂತು. ಕೇಂದ್ರದ ಆಯುಷ್ಮಾನ್ ಭಾರತ್ ಅದೇ ವರ್ಷ ಸೆಪ್ಟೆಂಬರಿನಲ್ಲಿ ಶುರುವಾಯಿತು. ಅಕ್ಟೋಬರ್ ಕೊನೆಗೆ ಎರಡನ್ನೂ ಸೇರಿಸಿದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಒಂದೊಂದು ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ಮೊತ್ತ) ಶೇ 30ನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಸರ್ಕಾರಿ ಆಸ್ಪತ್ರೆಗಳು ಹೇಗೂ ಯೋಜನೆಯಲ್ಲಿ ಇರುತ್ತವೆ. ಖಾಸಗಿಯವರು ಬೇಕಾದರೆ ಸೇರಬಹುದು, ಬೇಡವಾದರೆ ಬಿಡಬಹುದು.

ಬಿಡಬಹುದು ಅನ್ನುವುದು ನನಗೂ ಗೊತ್ತು. ನನ್ನ ಪ್ರಶ್ನೆ ಸರಿ-ತಪ್ಪಿನದು. ಅಂಗಡಿಯವನು ಉದ್ರಿ ನಿಲ್ಲಿಸಿದ ಹಾಗೆಯೇ ಇದೂನಾ? ಅಥವಾ ಡಾಕ್ಟರ ಕೆಲಸಕ್ಕೆ ಬೇರೆ ಲೆಕ್ಕ ಇದೆಯಾ?

ಮಳೆನಾಡ್_ಮಾಣಿ

ಬೇರೆ ಲೆಕ್ಕ ಖಂಡಿತ ಇದೆ. ಸರ್ಕಾರಿ ಕಾಲೇಜಿನಲ್ಲಿ ಓದಿದ ಡಾಕ್ಟರ ಹಿಂದೆ ಎಲ್ಲರ ತೆರಿಗೆ ದುಡ್ಡಿದೆ. ಬೆಂಕಿಪೊಟ್ಟಣಕ್ಕೆ ತೆರಿಗೆ ಕೊಡುವ ಕೂಲಿಯವನ ದುಡ್ಡೂ ಅದರಲ್ಲಿದೆ. ಓದುವಾಗ ಸಮಾಜ ಬೇಕು, ಸಂಪಾದಿಸುವಾಗ ಬೇಡ ಅಂದರೆ ಹೇಗೆ? ನನ್ನ ಪ್ರಕಾರ ಆಸ್ಪತ್ರೆಗೆ ಲೈಸೆನ್ಸ್ ಕೊಡುವಾಗಲೇ ಯೋಜನೆ ಕಡ್ಡಾಯ ಮಾಡಬೇಕು.

ಪ್ಲಾಸ್ಟರ್‌ಪಟ್ಟಿ

ನಾನು ಮೂಳೆ ಡಾಕ್ಟರು. ಜಿಲ್ಲೆ ಹೇಳುವುದಿಲ್ಲ. ಚಿಕ್ಕ ಆಸ್ಪತ್ರೆ ಇದೆ, ಯೋಜನೆಯಲ್ಲಿ ಇದ್ದೆ, ಈಗ ಇಲ್ಲ. ಆದ್ದರಿಂದ ಮಾಣಿಯವರು ಬೈಯುತ್ತಿರುವುದು ನನ್ನನ್ನೇ ಅಂತ ತಿಳಿದು ಉತ್ತರ ಕೊಡುತ್ತೇನೆ.

ಮೊದಲು ತೆರಿಗೆ ದುಡ್ಡಿನ ಮಾತು. ನಾನು ಓದಿದ್ದು ಸರ್ಕಾರಿ ಸೀಟಿನಲ್ಲಿ, ಆ ಋಣ ಇದೆ, ಒಪ್ಪುತ್ತೇನೆ. ನನ್ನ ಪಕ್ಕದ ಬೀದಿಯ ಡಾಕ್ಟರು ಖಾಸಗಿ ಕಾಲೇಜಿನಲ್ಲಿ ಓದಿದವರು, ಸಾಲ ಇನ್ನೂ ಕಟ್ಟುತ್ತಿದ್ದಾರೆ. ಹಾಗಾದರೆ ಅವರಿಗೆ ಒಂದು ನೀತಿ, ನನಗೆ ಒಂದು ನೀತಿನಾ? ಸರ್ಕಾರಿ ಕಾಲೇಜಿನಲ್ಲೇ ಓದಿದ ಎಂಜಿನಿಯರನ್ನು ಯಾರೂ ಈ ಪ್ರಶ್ನೆ ಕೇಳುವುದಿಲ್ಲ, ಅದು ಬೇರೆ ವಿಷಯ.

ಈಗ ಲೆಕ್ಕ. ಪ್ಯಾಕೇಜ್ ಅಂದರೆ ನನ್ನ ಫೀಸ್ ಮಾತ್ರ ಅಂತ ಜನ ತಿಳಿದಿದ್ದಾರೆ. ಅದರಲ್ಲಿ ಬೆಡ್, ಓಟಿ, ಔಷಧಿ, ರಕ್ತ ಪರೀಕ್ಷೆ, ಎಕ್ಸ್‌ರೇ, ಊಟ, ಡಿಸ್ಚಾರ್ಜ್ ಆದಮೇಲಿನ ಮಾತ್ರೆ ಎಲ್ಲವೂ ಸೇರಿದೆ. ಅನಸ್ತೇಷಿಯಾ ಡಾಕ್ಟರು ಜಿಲ್ಲಾ ಕೇಂದ್ರದಿಂದ ಬರುತ್ತಾರೆ. ಅವರಿಗೆ ಅವತ್ತೇ ಕೈಗೆ ದುಡ್ಡು ಕೊಡಬೇಕು. ಪ್ಲೇಟು, ಸ್ಕ್ರೂ ಕೊಡುವವನು ಒಂದು ತಿಂಗಳು ಕಾಯುತ್ತಾನೆ, ಆಮೇಲೆ ಫೋನ್ ಎತ್ತುವುದಿಲ್ಲ. ನರ್ಸುಗಳ ಸಂಬಳ ಒಂದನೇ ತಾರೀಕು. ನನಗೆ ಟ್ರಸ್ಟಿನಿಂದ ದುಡ್ಡು ಬರುವುದು ಯಾವಾಗ? ನಿಯಮದ ಪ್ರಕಾರ ಕ್ಲೇಮ್ ಹಾಕಿದ 15 ದಿನದೊಳಗೆ ಬರಬೇಕು. ಹಾಗೆ ಬಂದಿದ್ದರೆ ನಾನು ಈ ಪೋಸ್ಟ್ ಬರೆಯುತ್ತಿರಲಿಲ್ಲ.

ದೊಡ್ಡ ಆಸ್ಪತ್ರೆ ಇದನ್ನು ತಡೆದುಕೊಳ್ಳುತ್ತದೆ. ಅಲ್ಲಿ ನಗದು ಕೊಡುವ ರೋಗಿಗಳಿದ್ದಾರೆ, ಖಾಸಗಿ ಇನ್ಶೂರೆನ್ಸ್ ಇದೆ. ಪೂರ್ತಿ ಎನ್‌ಎಬಿಎಚ್ ಮಾನ್ಯತೆ (ಆಸ್ಪತ್ರೆಯ ಗುಣಮಟ್ಟದ ಸರ್ಟಿಫಿಕೇಟ್) ಇದ್ದರೆ ಪ್ಯಾಕೇಜಿನ ಮೇಲೆ ಶೇ 15 ಜಾಸ್ತಿ ಕೂಡ ಸಿಗುತ್ತದೆ. ತಾಲ್ಲೂಕಿನಲ್ಲಿ ಗಂಡ-ಹೆಂಡತಿ ನಡೆಸುವ ಆಸ್ಪತ್ರೆಗೆ ಆ ಮಾನ್ಯತೆಯ ಕಾಗದ ಪತ್ರ ಮಾಡುವುದಕ್ಕೇ ಒಬ್ಬ ಆಳು ಬೇಕು. ಬಡವರಿಗೆ ಹತ್ತಿರ ಇರುವ ಆಸ್ಪತ್ರೆಯೇ ಮೊದಲು ಹೊರಗೆ ಬೀಳುತ್ತದೆ. ಯೋಜನೆ ಮಾಡಿದವರಿಗೆ ಇದು ಹೊಳೆಯಲಿಲ್ಲವೋ, ಹೊಳೆದರೂ ಬಿಟ್ಟರೋ.

ನಾನು ಬಡ ರೋಗಿಗಳನ್ನು ನೋಡುವುದನ್ನು ನಿಲ್ಲಿಸಿಲ್ಲ. ಕಡಿಮೆ ತಗೊಳ್ಳುತ್ತೇನೆ, ಕೆಲವರಿಗೆ ತಗೊಳ್ಳುವುದೇ ಇಲ್ಲ. ಆದರೆ ಅದು ನನ್ನ ಲೆಕ್ಕ, ಸರ್ಕಾರದ ಬಾಕಿ ಲೆಕ್ಕ ಅಲ್ಲ.

ಗುಂಡಣ್ಣ_007

ಡಾಕ್ಟ್ರೇ, "ಕೆಲವರಿಗೆ ತಗೊಳ್ಳುವುದೇ ಇಲ್ಲ" ಅನ್ನುವುದು ಎಲ್ಲ ಡಾಕ್ಟರೂ ಹೇಳುವ ಮಾತು. ಆ ಕೆಲವರು ನಮ್ಮ ಕಡೆ ಯಾರಿಗೂ ಸಿಕ್ಕಿಲ್ಲ 😄

ಪ್ಲಾಸ್ಟರ್‌ಪಟ್ಟಿ

ನಿಮ್ಮ ಕಡೆಗೆ ವರ್ಗ ಮಾಡಿಸಿಕೊಳ್ಳುತ್ತೇನೆ ಬಿಡಿ.

ಮಳೆನಾಡ್_ಮಾಣಿ

ತಮಾಷೆ ಇರಲಿ. ಡಾಕ್ಟರು ಹೇಳಿದ್ದರಲ್ಲೇ ನನ್ನ ತಕರಾರಿದೆ. ಕಾರ್ಡ್ ಇದ್ದಾಗ ಬಡವನಿಗೆ ಚಿಕಿತ್ಸೆ ಹಕ್ಕಾಗಿತ್ತು. ನೀವು ಕಡಿಮೆ ತಗೊಂಡಾಗ ಅದು ನಿಮ್ಮ ದೊಡ್ಡತನ. ಅವನು ನಿಮ್ಮ ಮುಂದೆ ಕೈಕಟ್ಟಿ ನಿಲ್ಲಬೇಕು. ದುಡ್ಡಿನ ಲೆಕ್ಕದಲ್ಲಿ ಎರಡೂ ಒಂದೇ ಇರಬಹುದು, ಅವನಿಗೆ ಒಂದೇ ಅಲ್ಲ.

ಪ್ಲಾಸ್ಟರ್‌ಪಟ್ಟಿ

ಈ ಮಾತಿಗೆ ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ.

ಕೌಂಟರ್_ನಂ_3

ನಾನು ಒಂದು ಖಾಸಗಿ ಆಸ್ಪತ್ರೆಯ ಯೋಜನೆ ಕೌಂಟರಿನಲ್ಲಿ ಕೆಲಸ ಮಾಡಿದವಳು. ಈಗ ಬಿಟ್ಟಿದ್ದೇನೆ, ಅದಕ್ಕೇ ಬರೆಯುವ ಧೈರ್ಯ. ಇಲ್ಲಿ ಎಲ್ಲರೂ ಎರಡೇ ತರಹದ ಆಸ್ಪತ್ರೆ ಅಂದುಕೊಂಡು ಮಾತಾಡುತ್ತಿದ್ದೀರಿ: ಯೋಜನೆಯಲ್ಲಿ ಇರುವುದು, ಇಲ್ಲದ್ದು. ಮೂರನೆಯದು ಇದೆ. ಹೆಚ್ಚು ಕಾಟ ಅದರದ್ದೇ.

ಗೇಟಿನ ಮೇಲೆ ಯೋಜನೆಯ ಬೋರ್ಡ್ ಇರುತ್ತದೆ. ಪಟ್ಟಿಯಲ್ಲಿ ಹೆಸರಿರುತ್ತದೆ. ರೋಗಿ ಬಂದರೆ ಮೊದಲು ಯಾವ ಆಪರೇಷನ್ ಅಂತ ಕೇಳಬೇಕು. ಪ್ಯಾಕೇಜಿನಲ್ಲಿ ಲಾಭ ಇರುವ ಕೇಸ್ ಆದರೆ ಬೆಡ್ ಇದೆ. ಐಸಿಯುನಲ್ಲಿ ಎಷ್ಟು ದಿನ ಆಗುತ್ತದೋ ಹೇಳಲಾಗದ ಕೇಸ್ ಆದರೆ "ಯೋಜನೆ ಬೆಡ್ ಖಾಲಿ ಇಲ್ಲ, ನಗದು ಬೆಡ್ ಇದೆ". ಇದನ್ನು ಬಾಯಲ್ಲಿ ಹೇಳಬೇಕು, ಬರೆದು ಕೊಡುವ ಹಾಗಿಲ್ಲ. ಇನ್ನೊಂದು ರೀತಿ: ಅಡ್ಮಿಟ್ ಮಾಡಿಕೊಂಡು, "ಸರ್ಕಾರ ಕೊಡುವ ಇಂಪ್ಲಾಂಟ್ ಅಷ್ಟು ಚೆನ್ನಾಗಿಲ್ಲ, ಸ್ವಲ್ಪ ಮೇಲೆ ಕೊಟ್ಟರೆ ಒಳ್ಳೆಯದು ಹಾಕುತ್ತೇವೆ" ಅನ್ನುವುದು. ಬಿಪಿಎಲ್ ರೋಗಿಯಿಂದ ಒಂದು ರೂಪಾಯಿಯೂ ಮೇಲೆ ತಗೊಳ್ಳುವ ಹಾಗಿಲ್ಲ ಅಂತ ಒಪ್ಪಂದದಲ್ಲಿದೆ. ಮನೆಯವರು ಆ ಹೊತ್ತಿನಲ್ಲಿ ಒಪ್ಪಂದ ಓದುತ್ತಾರಾ? ಓಲೆ ಅಡ ಇಟ್ಟು ತರುತ್ತಾರೆ. ರಸೀದಿ ಕೇಳಿದರೆ ಇಲ್ಲ.

ಪ್ಲಾಸ್ಟರ್‌ಪಟ್ಟಿ ಸಾರ್ ಬಾಗಿಲ ಮೇಲೆ ಬರೆದು ಹೊರಗೆ ಬಂದಿದ್ದಾರೆ. ರೋಗಿ ಬಂದ ಕೂಡಲೇ ಗೊತ್ತಾಗುತ್ತದೆ, ಬೇರೆ ಕಡೆ ಹೋಗುತ್ತಾನೆ. ನನಗೆ ಅವರ ಮೇಲೆ ಸಿಟ್ಟಿಲ್ಲ. ಒಳಗೆ ಇದ್ದುಕೊಂಡೇ ಹೊರಗಿರುವವರಿಂದ ರೋಗಿಯ ಅರ್ಧ ದಿನ ಹೋಗುತ್ತದೆ, ಆಂಬುಲೆನ್ಸ್ ದುಡ್ಡು ಹೋಗುತ್ತದೆ. ಸ್ಟ್ರೋಕ್ ಕೇಸಿನಲ್ಲಿ ಅರ್ಧ ದಿನ ಅಂದರೆ ಏನು ಅಂತ ಡಾಕ್ಟರೇ ಹೇಳಲಿ.

ಕೌಂಟರಿನ ಈಚೆ ಕಡೆಯದ್ದೂ ಹೇಳಬೇಕಲ್ಲ. ಪ್ರಿ-ಆಥ್, ಅಂದರೆ ಚಿಕಿತ್ಸೆಗೆ ಮುಂಚೆ ಒಪ್ಪಿಗೆ ಕೇಳುವ ಅರ್ಜಿ, ಕಳಿಸಿ ಕಾಯುವುದು, ಸರ್ವರ್ ಇಲ್ಲ, ಬೆರಳಚ್ಚು ಕೂಡುತ್ತಿಲ್ಲ. ಗಾರೆ ಕೆಲಸ ಮಾಡುವವರ ಬೆರಳು ಸವೆದಿರುತ್ತದೆ, ಮಷಿನ್ ಹಿಡಿಯುವುದಿಲ್ಲ. ಆಪರೇಷನ್ ಆದಮೇಲೆ "ಫೋಟೋ ಸ್ಪಷ್ಟವಾಗಿಲ್ಲ" ಅಂತ ಕ್ವೆರಿ ಬರುತ್ತದೆ. ಉತ್ತರ ಕೊಟ್ಟರೆ ಇನ್ನೊಂದು ಕ್ವೆರಿ. ಕೊನೆಗೆ ಒಂದಿಷ್ಟು ಕತ್ತರಿಸಿ ಕೊಡುತ್ತಾರೆ.

ಕರಿಕೋಟು

ವಕೀಲಳಾಗಿ ಎರಡು ಮಾತು.

ವೈದ್ಯರ ನಡತೆಗೆ 2002ರ ನಿಯಮಗಳಿವೆ, ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು ಮಾಡಿದ್ದು. ಯಾರಿಗೆ ಚಿಕಿತ್ಸೆ ಕೊಡಬೇಕು ಅಂತ ಆರಿಸಿಕೊಳ್ಳುವ ಸ್ವಾತಂತ್ರ್ಯ ಡಾಕ್ಟರಿಗೆ ಇದೆ ಅಂತ ಅದರಲ್ಲೇ ಇದೆ. ಅದಕ್ಕೆ ಎರಡು ಕಟ್ಟು ಹಾಕಿದ್ದಾರೆ. ತುರ್ತು ಸಂದರ್ಭದಲ್ಲಿ ಕರೆದರೆ ಹೋಗಬೇಕು. ಒಮ್ಮೆ ಕೇಸ್ ಕೈಗೆ ತಗೊಂಡಮೇಲೆ, ರೋಗಿಗೂ ಮನೆಯವರಿಗೂ ಸಾಕಷ್ಟು ಮುಂಚೆ ತಿಳಿಸದೆ ಬಿಟ್ಟು ಹೋಗುವ ಹಾಗಿಲ್ಲ.

ತುರ್ತು ಚಿಕಿತ್ಸೆಯ ಬಗ್ಗೆ ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಕೇಸಿನಲ್ಲಿ ಹೇಳಿತು: ಸರ್ಕಾರಿ ಡಾಕ್ಟರಾಗಲಿ ಖಾಸಗಿ ಡಾಕ್ಟರಾಗಲಿ, ಜೀವ ಉಳಿಸುವುದು ಮೊದಲು, ಪೊಲೀಸ್ ಕಾಗದ ಆಮೇಲೆ. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದಾಗ, ತುರ್ತಿನಲ್ಲಿ ಅಡ್ವಾನ್ಸ್ ಕೇಳುವ ಹಾಗಿಲ್ಲ ಅಂತಲೂ ಸೇರಿತು. ಯೋಜನೆಯಿಂದ ಹೊರಗೆ ಬಂದ ಆಸ್ಪತ್ರೆಗೂ ಇದು ಅನ್ವಯಿಸುತ್ತದೆ.

ಮಾಣಿಯವರ "ಕಡ್ಡಾಯ ಮಾಡಿ" ಅನ್ನುವ ಮಾತಿಗೆ ಒಂದು ಉದಾಹರಣೆ ಇದೆ. ದೆಹಲಿಯಲ್ಲಿ ಕೆಲವು ಖಾಸಗಿ ಆಸ್ಪತ್ರೆಗಳಿಗೆ ಸರ್ಕಾರ ಕಡಿಮೆ ದರಕ್ಕೆ ಜಾಗ ಕೊಟ್ಟಿತ್ತು. ಅವು ಒಳರೋಗಿಗಳಲ್ಲಿ ಶೇ 10, ಹೊರರೋಗಿಗಳಲ್ಲಿ ಶೇ 25ರಷ್ಟು ಬಡವರಿಗೆ ಉಚಿತ ಚಿಕಿತ್ಸೆ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ 2018ರ ಜುಲೈನಲ್ಲಿ ಎತ್ತಿಹಿಡಿಯಿತು. ಸರ್ಕಾರದ ಜಾಗ ತಗೊಂಡರೆ ಈ ಕರಾರು ಹಾಕುವುದು ನ್ಯಾಯ. ಸ್ವಂತ ಜಾಗದಲ್ಲಿ ಸಾಲ ಮಾಡಿ ಕಟ್ಟಿದವರ ಮೇಲೆ, ಅದೂ ವೆಚ್ಚಕ್ಕಿಂತ ಕಡಿಮೆ ದರಕ್ಕೆ ಕಡ್ಡಾಯ ಮಾಡಿದರೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ ಅಂತ ನನ್ನ ಅಭಿಪ್ರಾಯ.

ಒಹಾಯೊ_ಒಗ್ಗರಣೆ

ಅಮೆರಿಕದಲ್ಲಿ ಡಾಕ್ಟರಾಗಿರುವ ಕನ್ನಡಿಗ. ಇಲ್ಲಿ ಈ ಪ್ರಶ್ನೆಗೆ ಹಳೆಯ ಇತಿಹಾಸ ಇದೆ.

65 ದಾಟಿದವರಿಗೆ ಮೆಡಿಕೇರ್ ಅನ್ನುವ ಸರ್ಕಾರಿ ವಿಮೆ ಇದೆ. 1997ರಲ್ಲಿ ಆದ ಕಾನೂನಿನ ಪ್ರಕಾರ ಡಾಕ್ಟರು ಅದರಿಂದ ಪೂರ್ತಿ ಹೊರಗೆ ಹೋಗಬಹುದು. ಅಫಿಡವಿಟ್ ಕೊಡಬೇಕು, ಪ್ರತಿ ರೋಗಿಯ ಜೊತೆ ಬರಹದಲ್ಲಿ ಕರಾರು ಮಾಡಬೇಕು. ಅದಾದಮೇಲೆ ಡಾಕ್ಟರೂ ರೋಗಿಯೂ ಆ ಚಿಕಿತ್ಸೆಗೆ ಮೆಡಿಕೇರ್‌ನಿಂದ ಒಂದು ಡಾಲರ್ ಕೇಳುವ ಹಾಗಿಲ್ಲ. ಎರಡು ವರ್ಷದ ಕಟ್ಟು. ಲಾಭ ಇರುವ ರೋಗಿಗೆ ಒಳಗೆ, ಇಲ್ಲದವನಿಗೆ ಹೊರಗೆ ಅನ್ನುವ ಆಟ ನಡೆಯುವುದಿಲ್ಲ. ತುರ್ತು ಸ್ಥಿತಿಯಲ್ಲಿರುವ ರೋಗಿಯಿಂದ ಆ ಕರಾರಿಗೆ ಸಹಿ ಹಾಕಿಸಿಕೊಳ್ಳುವಂತೆಯೂ ಇಲ್ಲ. ಕೌಂಟರ್ ಅಕ್ಕ ಹೇಳಿದ ಮೂರನೇ ಜಾತಿಯನ್ನು ತಡೆಯಲು ಇಂಥದ್ದೊಂದು ನಿಯಮ ಅಲ್ಲಿ ಬೇಕು ಅನಿಸುತ್ತದೆ.

ಹೊರಗೆ ಹೋದವರು ಶೇ 1ರ ಆಸುಪಾಸು ಮಾತ್ರ. ಅವರಲ್ಲಿ ಮನೋವೈದ್ಯರೇ ಜಾಸ್ತಿ. ಅವರಿಗೆ ದೊಡ್ಡ ಯಂತ್ರ ಬೇಡ, ಆಸ್ಪತ್ರೆ ಬೇಡ, ನಗದು ಕೊಡುವವರ ಕ್ಯೂ ಇದೆ. ಉಳಿದ ಡಾಕ್ಟರು ಗೊಣಗುತ್ತಾ ಒಳಗೇ ಇದ್ದಾರೆ. 2025ರಲ್ಲಿ ದರವನ್ನು ಸುಮಾರು ಶೇ 2.8 ಇಳಿಸಿದಾಗಲೂ ಯಾರೂ ಗುಂಪಾಗಿ ಎದ್ದು ಹೋಗಲಿಲ್ಲ. ವಯಸ್ಸಾದ ರೋಗಿಗಳೆಲ್ಲ ಅಲ್ಲೇ ಇರುವಾಗ ಎಲ್ಲಿಗೆ ಹೋಗುತ್ತಾರೆ? ಬಡವರ ಮೆಡಿಕೇಯ್ಡ್ ವಿಷಯ ಬೇರೆ. ಅದರ ರೋಗಿಗಳನ್ನು ತಗೊಳ್ಳದ ಕ್ಲಿನಿಕ್ಕುಗಳು ಇಲ್ಲಿ ಬೇಕಾದಷ್ಟು, ಅದಕ್ಕೆ ಅಫಿಡವಿಟ್ಟೂ ಬೇಡ. ನೋಡಿ, ಮುದುಕರ ಯೋಜನೆ ಬಿಡಲು ಅಷ್ಟು ಕಟ್ಟುಪಾಡು, ಬಡವರದ್ದು ಬಿಡಲು ಏನೂ ಇಲ್ಲ.

ಪಕ್ಕದ ಕೆನಡಾ ಇನ್ನೂ ಬಿಗಿ. ಸಸ್ಕ್ಯಾಚೆವಾನ್ ಪ್ರಾಂತ್ಯ 1962ರ ಜುಲೈ 1ಕ್ಕೆ ಸರ್ಕಾರಿ ವಿಮೆ ತಂದಾಗ ಡಾಕ್ಟರು 23 ದಿನ ಮುಷ್ಕರ ಮಾಡಿದರು. ಸರ್ಕಾರ ಬ್ರಿಟನ್‌ನಿಂದ ಡಾಕ್ಟರನ್ನು ಕರೆಸಿಕೊಂಡಿತು. ಅಲ್ಲಿನ ಇನ್ನೊಂದು ಪ್ರಾಂತ್ಯ ಕ್ವಿಬೆಕ್‌ನಲ್ಲಿ ಡಾಕ್ಟರು ಹೊರಗೆ ಹೋಗುವುದು ಜಾಸ್ತಿಯಾಗಿ, ಹೊಸ ಡಾಕ್ಟರು ಮೊದಲ 5 ವರ್ಷ ಸರ್ಕಾರಿ ವ್ಯವಸ್ಥೆಯಲ್ಲೇ ಇರಬೇಕು ಅಂತ 2025ರಲ್ಲಿ ಕಾನೂನು ಮಾಡಿದರು. ಮಾಣಿಯವರಿಗೆ ಖುಷಿಯಾಗಬಹುದು.

ಮಳೆನಾಡ್_ಮಾಣಿ

ಆಯಿತು ನೋಡಿ! ನಮ್ಮಲ್ಲೂ ಓದು ಮುಗಿಸಿದ ಡಾಕ್ಟರಿಗೆ ಕಡ್ಡಾಯ ಸೇವೆಯ ಕಾಯ್ದೆ 2012ರದ್ದೇ ಇದೆ. ಅದು ಒಂದು ವರ್ಷದ್ದು, ಅದಕ್ಕೂ ಕೋರ್ಟು ಕಚೇರಿ ಅಲೆದದ್ದಾಯಿತು.

ಇನ್ನೊಂದು ವಿಷಯ. ಒಬ್ಬೊಬ್ಬರೇ ಬಿಡುವುದು ಒಂದು. ಸಂಘ ಕಟ್ಟಿಕೊಂಡು ಒಂದೇ ದಿನ ಎಲ್ಲರೂ ಬಿಡುವುದು ಇನ್ನೊಂದು. 2017ರ ನವೆಂಬರಿನಲ್ಲಿ ವಕೀಲರು ಹೇಳಿದ ಆ ತಿದ್ದುಪಡಿ ಬೇಡ ಅಂತ ರಾಜ್ಯದ ಖಾಸಗಿ ಆಸ್ಪತ್ರೆಗಳು ಒಪಿಡಿ ಮುಚ್ಚಿದ್ದು ನೆನಪಿದೆಯಲ್ಲ? ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತಿತ್ತು. ಕೊನೆಗೆ ಮಸೂದೆಯ ಹಲ್ಲು ಕಿತ್ತರು. ರೋಗಿಯನ್ನು ಮುಂದೆ ಹಿಡಿದುಕೊಂಡು ಚೌಕಾಸಿ ಮಾಡಿದ್ದು ಅದು.

ಪ್ಲಾಸ್ಟರ್‌ಪಟ್ಟಿ

ಒಬ್ಬನೇ ಪತ್ರ ಬರೆದರೆ ಯಾರು ಓದುತ್ತಾರೆ ಮಾಣಿಯವರೇ? ಹರಿಯಾಣ ನೋಡಿ. 2025ರ ಆಗಸ್ಟ್ 7ರಿಂದ ಅಲ್ಲಿನ ಐಎಂಎ (ಡಾಕ್ಟರ ಸಂಘ) ಕರೆ ಕೊಟ್ಟು ಸುಮಾರು 650 ಖಾಸಗಿ ಆಸ್ಪತ್ರೆಗಳು ಆಯುಷ್ಮಾನ್ ರೋಗಿಗಳನ್ನು ತಗೊಳ್ಳುವುದು ನಿಲ್ಲಿಸಿದವು. ಕಾರಣ ತಿಂಗಳುಗಟ್ಟಲೆ ಬಾಕಿ. ಆಮೇಲೆ ಸರ್ಕಾರ ಮಾತಿಗೆ ಕೂತಿತು, ಆ ತಿಂಗಳ ಕೊನೆಯ ಹೊತ್ತಿಗೆ ಆಸ್ಪತ್ರೆಗಳು ವಾಪಸ್ ಬಂದವು. ನಡುವೆ ರೋಗಿಗಳು ಒದ್ದಾಡಿದರು, ನಿಜ. ಬಾಕಿ ಇಟ್ಟವರ ಮೇಲೆ ಯಾಕೆ ಯಾರೂ ನೀತಿಯ ಪ್ರಶ್ನೆ ಎತ್ತುವುದಿಲ್ಲ? ಕಾರ್ಡಿನ ಮೇಲೆ ಫೋಟೋ ಅವರದ್ದು, ಬೈಗುಳ ನಮಗೆ.

ಗುಂಡಣ್ಣ_007

ಡಾಕ್ಟ್ರೇ, ಎಲ್ಲ ತಪ್ಪೂ ಸರ್ಕಾರದ್ದೇ ಅನ್ನಬೇಡಿ. ಅಹಮದಾಬಾದಿನಲ್ಲಿ 2024ರ ನವೆಂಬರಿನಲ್ಲಿ ಏನಾಯಿತು? ಹಳ್ಳಿಯಲ್ಲಿ ಉಚಿತ ಕ್ಯಾಂಪ್ ಮಾಡಿ, ಜನರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಆಂಜಿಯೋಪ್ಲಾಸ್ಟಿ ಮಾಡಿದರು, ಯೋಜನೆಯ ದುಡ್ಡಿಗೋಸ್ಕರ. ಇಬ್ಬರು ಸತ್ತರು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2023ರ ವರದಿಯಲ್ಲಿ ಒಂದೇ ಮೊಬೈಲ್ ನಂಬರಿಗೆ ಸುಮಾರು ಏಳೂವರೆ ಲಕ್ಷ ಫಲಾನುಭವಿಗಳು. ಕ್ವೆರಿ ಮೇಲೆ ಕ್ವೆರಿ ಹಾಕುವುದು ಸುಮ್ನೆ ಅಲ್ಲ.

ಕೌಂಟರ್_ನಂ_3

ಅಂಥವರು ಯೋಜನೆ ಬಿಟ್ಟು ಹೋಗುವುದೇ ಇಲ್ಲ ಗುಂಡಣ್ಣ. ಅವರಿಗೆ ಪ್ಯಾಕೇಜ್ ಕಮ್ಮಿ ಅಂತ ಯಾವತ್ತೂ ಅನಿಸುವುದಿಲ್ಲ. ಹತ್ತು ಕೇಸಿನ ಕಡೆ ನೂರು ಮಾಡಿದರೆ ಕಮ್ಮಿ ದರವೂ ಸಾಕಾಗುತ್ತದೆ. ಕ್ವೆರಿಯಿಂದ ಬೇಸತ್ತು ಬಿಡುವವರು ಕೇಸ್ ಕಮ್ಮಿ ಇರುವ ಚಿಕ್ಕವರು.

ಬಿಸಿಲೂರು

ಕಲಬುರಗಿ ಕಡೆಯವನು. ಬೆಂಗಳೂರಿನಲ್ಲಿ ಒಂದು ಆಸ್ಪತ್ರೆ ಬಿಟ್ಟರೆ ಮುಂದಿನ ಸಿಗ್ನಲಿನಲ್ಲಿ ಇನ್ನೊಂದಿದೆ. ನಮ್ಮ ಕಡೆ ಹಾಗಲ್ಲ. ಇಡೀ ತಾಲ್ಲೂಕಿನಲ್ಲಿ ಆ ಕೆಲಸ ಬಲ್ಲ ಡಾಕ್ಟರು ಒಬ್ಬರೇ ಇದ್ದರೆ, ಅವರು ಬಿಡುವುದು ಯೋಜನೆಯನ್ನೇ ಅಲ್ಲಿಂದ ಎತ್ತಿದಂತೆ. ಕಾರ್ಡ್ ಜೇಬಿನಲ್ಲಿ ಇರುತ್ತದೆ, ಬಳಸುವ ಜಾಗ ಇಲ್ಲ. ಆದ್ದರಿಂದ ಎಲ್ಲ ಡಾಕ್ಟರಿಗೂ ಒಂದೇ ತೀರ್ಪು ಕೊಡಬೇಡಿ.

ಇನ್ನೊಂದು, ಡಯಾಲಿಸಿಸ್. ನಮ್ಮ ಮಾವನವರು ವಾರಕ್ಕೆ ಎರಡು ಸಲ ಹೋಗುತ್ತಾರೆ. ಮೂಳೆ ಆಪರೇಷನ್ ಒಂದು ಸಲದ್ದು, ಬೇರೆ ಕಡೆ ಮಾಡಿಸಬಹುದು. ಡಯಾಲಿಸಿಸ್ ಮಾಡುವವರು "ನಾಳೆಯಿಂದ ಕಾರ್ಡ್ ಇಲ್ಲ" ಅಂದರೆ ನಾಲ್ಕನೇ ದಿನಕ್ಕೆ ಮನುಷ್ಯ ಉಬ್ಬಸ ಬಿಡುತ್ತಾನೆ. ಕೀಮೋ ನಡೆಯುತ್ತಿರುವವರದ್ದೂ ಅದೇ ಕಥೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಷಿನ್ ಇದೆ, ಆದರೆ ಸರದಿ ಸಿಗಬೇಕಲ್ಲ. ಡಾಕ್ಟರು ಬಿಡಲಿ, ಬೇಡ ಅನ್ನುವುದಿಲ್ಲ. ಹೊಸಬರನ್ನು ತಗೊಳ್ಳುವುದು ನಿಲ್ಲಿಸಲಿ. ನಡುವಿನಲ್ಲಿ ಇರುವವರಿಗೆ ಇನ್ನೊಂದು ಕಡೆ ಸರದಿ ಸಿಗುವವರೆಗೆ ಹಳೆಯ ಕಾರ್ಡಿನಲ್ಲೇ ಮಾಡಲಿ. ಬಾಕಿ ದುಡ್ಡು ಬರುವುದು ತಡ ಆದರೂ ಅದು ಜೀವ ಹೋಗುವ ತಡ ಅಲ್ಲ.

ಪ್ಲಾಸ್ಟರ್‌ಪಟ್ಟಿ

ಬಿಸಿಲೂರು ಸಾರ್, ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಬಿಡುವ ಮುಂಚೆ ನಾನು ಹಾಗೆಯೇ ಮಾಡಿದೆ. ಪ್ಲೇಟ್ ಹಾಕಿದವರಿಗೆ ಅದನ್ನು ತೆಗೆಯುವ ಆಪರೇಷನ್ನೂ ಹಳೆಯ ಲೆಕ್ಕದಲ್ಲೇ ಅಂದೆ. ಅದರಲ್ಲಿ ಕೆಲವು ಕ್ಲೇಮ್ ಇನ್ನೂ ಬಂದಿಲ್ಲ, ಬರದಿದ್ದರೂ ಅದು ನನ್ನ ಹೊರೆ. ತಾಲ್ಲೂಕಿಗೆ ಒಬ್ಬರೇ ಡಾಕ್ಟರು ಅನ್ನುವ ಮಾತು ಮಾತ್ರ ಒಪ್ಪಲಾರೆ. ಒಬ್ಬನೇ ಇದ್ದೇನೆ ಅಂತ ನನ್ನ ಮೇಲೆ ಜಾಸ್ತಿ ಭಾರ ಹೊರಿಸಿದರೆ ನಾಳೆ ನಾನೂ ಬೆಂಗಳೂರಿಗೆ ಹೋಗುತ್ತೇನೆ. ಆಗ ಕಾರ್ಡೂ ಇಲ್ಲ, ಡಾಕ್ಟರೂ ಇಲ್ಲ.

ಬಿಸಿಲೂರು

ಹೋಗುತ್ತೇನೆ ಅಂತ ಹೆದರಿಸಿದರೆ ನಾವು ಏನು ಮಾಡೋಣ ಡಾಕ್ಟ್ರೇ, ನಮಗೆ ಹೋಗಲು ಬೆಂಗಳೂರೂ ಇಲ್ಲ. ಅಷ್ಟು ದೂರದ ತಾಲ್ಲೂಕಿಗೆ ದರವೇ ಜಾಸ್ತಿ ಇರಲಿ ಅಂತ ನೀವು ಕೇಳಿ, ನಾವೂ ದನಿ ಸೇರಿಸುತ್ತೇವೆ. ಅದು ನ್ಯಾಯ.

ಜೋಳದರೊಟ್ಟಿ

ಎಲ್ಲರಿಗೂ ಧನ್ಯವಾದ. ನಾನು ಹಾಕಿದ ಅಂಗಡಿಯ ಉದ್ರಿ ಲೆಕ್ಕವನ್ನು ಯಾರೂ ಹಿಡಿಯಲಿಲ್ಲ, ಒಳ್ಳೆಯದೇ ಆಯಿತು.

ನಿನ್ನೆ ಆ ನರ್ಸಿಂಗ್ ಹೋಮಿಗೆ ಹೋಗಿ ಕೇಳಿದೆ. ಹೆರಿಗೆಗೆ ಹೆಸರು ಬರೆಸಿಕೊಂಡಿರುವ ಹೆಂಗಸರ ಗತಿ ಏನು ಅಂದೆ. ಯೋಜನೆಯಲ್ಲಿ ಸಾದಾ ಹೆರಿಗೆ ಸರ್ಕಾರಿ ಆಸ್ಪತ್ರೆಯ ಪಾಲಿನದ್ದು, ನಮ್ಮಲ್ಲಿ ಕಾರ್ಡಿನಲ್ಲಿ ಬರುತ್ತಿದ್ದದ್ದು ಸರ್ಕಾರಿ ಆಸ್ಪತ್ರೆ ಬರೆದುಕೊಟ್ಟ ರೆಫರಲ್ ಚೀಟಿ ಇರುವ ತೊಡಕಿನ ಕೇಸುಗಳು ಮಾತ್ರ ಅಂದರು. ಈಗಾಗಲೇ ಚೀಟಿ ತಂದವರದ್ದು ಮುಗಿಸಿಕೊಡುತ್ತಾರಂತೆ. ನೋಟಿಸಿನಲ್ಲಿ ಅದನ್ನು ಯಾಕೆ ಬರೆದಿಲ್ಲ ಅಂತ ಕೇಳಿದ್ದಕ್ಕೆ "ಬರೆಸುತ್ತೇವೆ" ಅಂದರು. ಸಂಜೆ ನೋಡಿದಾಗ ಹಳೆಯ ನೋಟಿಸೇ ಇತ್ತು.

ಊರಿನವರು ಈಗ ಏನು ಮಾಡಬೇಕು ಅಂತ ಯಾರಾದರೂ ಹೇಳುತ್ತೀರಾ?

ಕೌಂಟರ್_ನಂ_3

ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ (ಯೋಜನೆಯ ರೋಗಿಗಳಿಗೆ ದಾರಿ ತೋರಿಸುವ ಸಿಬ್ಬಂದಿ) ಯಾರು ಅಂತ ಹುಡುಕಿ, ಅವರ ನಂಬರ್ ಗ್ರೂಪಿನಲ್ಲಿ ಹಾಕಿ. ಹತ್ತಿರ ಯಾವ ಆಸ್ಪತ್ರೆ ಯಾವ ವಿಭಾಗಕ್ಕೆ ಯೋಜನೆಯಲ್ಲಿದೆ ಅನ್ನುವ ಪಟ್ಟಿ ಅವರ ಹತ್ತಿರ ಇರುತ್ತದೆ. ವಿಭಾಗ ಕೇಳುವುದು ಮರೆಯಬೇಡಿ. ಕಣ್ಣಿಗೆ ಇದ್ದು ಮೂಳೆಗೆ ಇಲ್ಲದ ಆಸ್ಪತ್ರೆಗಳಿವೆ. ತುರ್ತು ಚಿಕಿತ್ಸೆಗಳಿಗೆ ರೆಫರಲ್ ಚೀಟಿ ಬೇಡ, ನೇರ ಹೋಗಬಹುದು. ಎಲ್ಲಾದರೂ "ಯೋಜನೆ ಬೆಡ್ ಇಲ್ಲ" ಅಂದರೆ ಬರೆದು ಕೊಡಿ ಅಂತ ಕೇಳಿ. ಎಷ್ಟೋ ಸಲ ಪೆನ್ನು ಹುಡುಕುವಷ್ಟರಲ್ಲಿ ಬೆಡ್ ಸಿಗುತ್ತದೆ.

ಜೋಳದರೊಟ್ಟಿ

ಆಯಿತು ಅಕ್ಕ, ನಂಬರ್ ಸಿಕ್ಕಿದ ಮೇಲೆ ಇಲ್ಲಿಯೂ ಹಾಕುತ್ತೇನೆ.